ಬೀಗದ ಕೈ, ತಾಳದ ಕಿವಿ

ಬೀಗ ಹಾಕಿದೆನೆಂಬ ನೆನಪನ್ನು ನಾನು ನಂಬುವುದಿಲ್ಲ. ದಿನವೂ ಹಾಕುವ ಬೀಗ. ಕಿವಿಯಲ್ಲಿ ಉಳಿದಿರುವ ‘ಟಕ್’ ಇಂದಿನದೋ ನಿನ್ನೆಯದೋ ಹೇಳುವುದು ಹೇಗೆ? ಈ ಸಂಶಯ ನನಗೆ ಅಂಟಿದ್ದು ಹೈದರಾಬಾದಿನಲ್ಲಿ ಎಂ.ಎ. ಓದುವಾಗ, ಬಾಡಿಗೆ ಸೈಕಲ್ಲಿನಿಂದ.

ಮಿಯಾಪುರದ ಮೆಟ್ರೋ ನಿಲ್ದಾಣದ ಕೆಳಗೂ ನಮ್ಮ ಬೀದಿಯ ತುದಿಯಲ್ಲೂ ಆ ಸೈಕಲ್ಲುಗಳು ಸಾಲಾಗಿ ನಿಂತಿರುತ್ತಿದ್ದವು. ಮೊಬೈಲು ತೋರಿಸಿದರೆ ಬೀಗ ತಾನೇ ತೆರೆದುಕೊಳ್ಳುತ್ತಿತ್ತು. ಮುಚ್ಚುವುದು ಮಾತ್ರ ನಮ್ಮ ಕೆಲಸ. ಹಿಂದಿನ ಚಕ್ರದ ಮೇಲಿನ ಸಣ್ಣ ಹಿಡಿಯನ್ನು ಕೆಳಗೆಳೆಯಬೇಕು. ಅದು ಸರಿಯಾಗಿ ಕೂರದಿದ್ದರೆ ಸವಾರಿ ಮುಗಿದಂತಲ್ಲ. ನಾನು ತರಗತಿಯಲ್ಲಿ ಕುಳಿತಿದ್ದರೂ ಮೊಬೈಲಿನ ಪ್ರಕಾರ ಮಿಯಾಪುರದ ಬೀದಿಯಲ್ಲಿ ತುಳಿಯುತ್ತಲೇ ಇರುತ್ತೇನೆ. ಆ ಇನ್ನೊಬ್ಬ ನಾನು ಯಾರಿಗೆ ಡಿಕ್ಕಿ ಹೊಡೆದಳೋ ಎಂದು ಪಾಠದ ನಡುವೆ ಬೆವರುತ್ತಿದ್ದೆ.

ನನ್ನ ಜೊತೆ ಕೋಣೆ ಹಂಚಿಕೊಂಡಿದ್ದ ನಸ್ರೀನ್ ಕಲಬುರಗಿಯವಳು. ಮಾದಾಪುರದ ಕಂಪನಿಯೊಂದರಲ್ಲಿ ಕೆಲಸ. ನಿಲ್ದಾಣದವರೆಗೆ ಇಬ್ಬರೂ ಸೈಕಲ್ಲಿನಲ್ಲೇ ಹೋಗುತ್ತಿದ್ದೆವು. ರೈಲು ಹತ್ತಿದ ಮೇಲೆ ನಾನು, “ಬೀಗ ಬಿತ್ತಲ್ವೇನೇ?” ಎಂದು ಕೇಳದ ದಿನವಿರಲಿಲ್ಲ.

“ಮೊದ್ಲು ನಿನ್ನ ತಲಿಗೊಂದು ಕೀಲಿ ಹಾಕಬೇಕು ನೋಡು,” ಅನ್ನುತ್ತಿದ್ದಳು. “ಭಾಳ ಓಡತೈತಿ ಅದು.”

ನನ್ನ ಮೌಖಿಕ ಪರೀಕ್ಷೆಯ ದಿನ ಬಂತು. ಪ್ರಬಂಧದ ವಿಷಯ, ಆತ್ಮಕಥೆಗಳಲ್ಲಿ ನೆನಪನ್ನು ಎಷ್ಟು ನಂಬಬಹುದು ಎಂಬುದು. ನಮ್ಮ ಮೇಡಂ ಹತ್ತಕ್ಕೆ ಸರಿಯಾಗಿ ಬಾಗಿಲು ಹಾಕಿಸುವವರು. ಹೊರಗುಳಿದವರು ಮುಂದಿನ ವರ್ಷ ಬರಬೇಕು. ಸೈಕಲ್ ನಿಲ್ಲಿಸಿ, ಹಿಡಿ ಎಳೆದು ಮೆಟ್ಟಿಲ ಕಡೆ ಓಡಿದೆ. ಹಿಂದಿನಿಂದ ಸೈಕಲ್ಲುಗಳ ಕಾವಲಿನ ತಾತ ಕೂಗಿದರು: “ತಾಳಮಮ್ಮಾ!”

ಮೈಸೂರಿನವಳು ನಾನು. ಹಿರಿಯರು ‘ತಾಳಮ್ಮಾ’ ಎಂದರೆ ಕಾಲು ತಾನಾಗಿ ನಿಲ್ಲುತ್ತದೆ. ನಿಂತೆ. ಈ ಊರಲ್ಲಿ ಇಷ್ಟು ಸೊಗಸಾದ ಕನ್ನಡವೇ ಎಂದು ಆ ಗಾಬರಿಯಲ್ಲೂ ಖುಷಿಯಾಯಿತು. ಅವರು ಮತ್ತೆ ಕೂಗಿದರು. ನಾನು ಮತ್ತಷ್ಟು ತಾಳಿದೆ. ಅವರ ದನಿ ಏರಿತು. ನನ್ನ ತಾಳ್ಮೆಯೂ ಏರಿತು. ತಲೆಯ ಮೇಲೆ ರೈಲು ಬಂದು ನಿಂತ ಸದ್ದು, ಹೊರಟ ಸದ್ದು.

ಮೆಟ್ಟಿಲ ಮೇಲಿದ್ದ ನಸ್ರೀನ್ ಇಳಿದು ಬಂದಳು. “ಯಾಕ ಗೂಟ ಹೊಡದಂಗ ನಿಂತಿ?”

“ತಾಳು ಅಂತಿದ್ದಾರೆ ಕಣೇ.”

“ಏ ಹುಚ್ಚಿ, ತಾಳಂ ಅಂದ್ರ ತೆಲುಗಿನಾಗ ಕೀಲಿ. ನಿನ್ನ ಸೈಕಲ್ ಕೀಲಿ ಬಿದ್ದಿಲ್ಲಂತ.”

ನಾನು ಆಗ, “ತಾಳಿದ್ದೀನಿ, ಹೇಳಿ ತಾತ” ಎಂದು ತಾತನಿಗೆ ಕೈಮುಗಿದು ನಿಂತಿದ್ದೆ ಎಂದು ನಸ್ರೀನ್ ಇಂದಿಗೂ ಹೇಳುತ್ತಾಳೆ. ಕೈಮುಗಿದದ್ದು ನನಗೆ ನೆನಪಿಲ್ಲ. ಹಾಗೆಂದು ಅವಳು ಸುಳ್ಳು ಹೇಳುತ್ತಾಳೆನ್ನಲು ನನ್ನ ಬಳಿ ಇರುವ ಸಾಕ್ಷಿಯೂ ನನ್ನ ನೆನಪೇ.

ಬೀಗ ಹಾಕಿ, ಜಗ್ಗಿ ನೋಡಿ ಹತ್ತಿದ ಮುಂದಿನ ರೈಲಿನಲ್ಲಿ ತಲೆ ಪದಗಳ ಹಿಂದೆ ಹೋಯಿತು. ಬೀಗ ತೆಗೆಯುವ ಸಾಧನಕ್ಕೆ ನಾವು ಬೀಗದ ಕೈ ಎನ್ನುತ್ತೇವೆ, ನಸ್ರೀನಳ ಕಡೆ ಕೀಲಿಕೈ. ತೆಲುಗಿನವರು ತಾಳಂ ಚೆವಿ ಎನ್ನುತ್ತಾರೆ, ಅಂದರೆ ಬೀಗದ ಕಿವಿ. ಕೈಯನ್ನು ನಂಬಿದ ನನಗೆ ಬೀಗ ಕೈಕೊಟ್ಟಿತ್ತು. ಸ್ವಲ್ಪ ಕಿವಿಗೊಟ್ಟಿದ್ದರೆ ರೈಲು ತಪ್ಪುತ್ತಿರಲಿಲ್ಲ.

ವಿಭಾಗ ತಲುಪಿದಾಗ ಬಾಗಿಲು ಮುಚ್ಚಿತ್ತು. ಒಳಗೆ ಯಾರದೋ ಮಾತು. ಒಂದು ವರ್ಷ ಕಣ್ಣೆದುರೇ ಬೀಗ ಹಾಕಿಕೊಂಡು ಕೂತಂತೆ ಅನ್ನಿಸಿತು. ಎಷ್ಟು ಹೊತ್ತು ತಾಳಿದೆನೋ. ತಿರುಗಿ ಹೊರಟವಳು, ಸೈಕಲ್ಲಿನ ಹಿಡಿಯನ್ನು ಜಗ್ಗಿ ನೋಡುವ ಚಟದಿಂದಲೇ ಇರಬೇಕು, ಬಾಗಿಲನ್ನೂ ಒಮ್ಮೆ ಜಗ್ಗಿದೆ. ತೆರೆಯಿತು.

“ಹಾಕಿಸಲು ಮರೆತೆ. ಮುಚ್ಚಿದ್ದು ಫ್ಯಾನಿನ ಗಾಳಿಗೆ,” ಎಂದರು ಮೇಡಂ, ಕತ್ತೆತ್ತದೆ. “ಬಾ. ನೆನಪಿನ ಬಗ್ಗೆ ಏನೋ ಬರೆದಿದ್ದೀಯಲ್ಲ, ಹೇಳು.”

ಒಂದೇ ಬೆಳಿಗ್ಗೆ, ಬಿದ್ದಿದೆ ಎಂದುಕೊಂಡ ಎರಡು ಬೀಗಗಳು ಬಿದ್ದಿರಲಿಲ್ಲ. ಒಂದು ಹೆದರಿಸಿತು, ಇನ್ನೊಂದು ಉಳಿಸಿತು. ಇದರಿಂದ ನನ್ನ ಸಂಶಯವೇನೂ ವಾಸಿಯಾಗಲಿಲ್ಲ. ಈಗಲೂ ಮನೆಯಿಂದ ಹೊರಟು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಬೆನ್ನ ಹಿಂದೆ ಆ ತಾತನ ಕೂಗು ಕೇಳುತ್ತದೆ. ಅದು ಕನ್ನಡವೋ ತೆಲುಗೋ ಎಂದು ಯೋಚಿಸುತ್ತಾ ನಿಲ್ಲುತ್ತೇನೆ. ನಿಂತಾಗ ಕನ್ನಡದ ಮಾತು ನಡೆಸಿದಂತಾಯಿತು; ತಿರುಗಿ ಹೋಗಿ ಬೀಗ ಜಗ್ಗಿದರೆ ತೆಲುಗಿನದೂ.