ಹೊದಿಕೆ ಎಳೆಯದ ಎಬ್ಬಿಸಮ್ಮ

ಹೊರಗೆ ಇನ್ನೂ ಬೆಳಕು ಹರಿದಿಲ್ಲ. ಹೆಣ್ಣುಮಕ್ಕಳ ಹಾಸ್ಟೆಲಿನ ಮೇಲಿನ ಮಹಡಿಯ ಉದ್ದ ಕೋಣೆಯಲ್ಲಿ ಎರಡು ಸಾಲು ಕಬ್ಬಿಣದ ಮಂಚಗಳು, ಮಂಚಕ್ಕೊಂದು ಮುಸುಕು. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಹೆಂಗಸೊಬ್ಬರು ಒಳಗೆ ಬರುತ್ತಾರೆ. ದೀಪ ಹಾಕುವುದಿಲ್ಲ. ಕಿಟಕಿಯ ಒಂದೇ ಬಾಗಿಲು ತೆರೆದು ತಣ್ಣನೆ ಗಾಳಿಯನ್ನು ಒಳಗೆ ಬಿಡುತ್ತಾರೆ. ಆಮೇಲೆ ಮಂಚದಿಂದ ಮಂಚಕ್ಕೆ ಹೋಗಿ ಹೊದಿಕೆಯ ಮೇಲಿಂದಲೇ ಪಾದವನ್ನು ಮೆತ್ತಗೆ ಒತ್ತುತ್ತಾರೆ. ಒಬ್ಬಳಿಗೆ ‘ಏಳು ಕಂದ’ ಎಂದರೆ ಸಾಕು. ಇನ್ನೊಬ್ಬಳಿಗೆ ಕಂದ ಎಂದರೆ ಮೈಯೆಲ್ಲ ಉರಿ. ಅವಳ ಹತ್ತಿರ ಮಾತಿಲ್ಲ, ಪಾದಕ್ಕೆ ಎರಡು ತಟ್ಟು ಅಷ್ಟೆ. ಮತ್ತೊಬ್ಬಳು ‘ಎದ್ದೆ ಎದ್ದೆ’ ಎನ್ನುತ್ತ ಎದ್ದು ಕೂರುತ್ತಾಳೆ, ಕೂತಲ್ಲೇ ಗೊರಕೆ ಹೊಡೆಯುತ್ತಾಳೆ.

ಹಾಸ್ಟೆಲಿನ ಲೆಕ್ಕದಲ್ಲಿ ಇವರು ಸಹಾಯಕಿ. ಹುಡುಗಿಯರ ಬಾಯಲ್ಲಿ ಎಬ್ಬಿಸಮ್ಮ. ಹನ್ನೆರಡರಿಂದ ಹದಿನಾರರವರೆಗಿನ ಐವತ್ತು ಚಿಲ್ಲರೆ ಹುಡುಗಿಯರನ್ನು ಎಬ್ಬಿಸುವುದು, ಹಾಸಿಗೆ ಬಟ್ಟೆ ಒಗೆಯುವುದು, ತಲೆನೋವು ಎಂದವಳ ಹಣೆ ಮುಟ್ಟಿ ನೋಡುವುದು, ಕನ್ನಡಿಯ ಮುಂದೆ ಮೊಡವೆ ಎಣಿಸುತ್ತ ನಿಂತವಳನ್ನು ಊಟಕ್ಕೆ ದಬ್ಬುವುದು, ಎಲ್ಲ ಇವರದೇ. ಸ್ವೆಟರಿನ ಜೇಬಿನಲ್ಲಿ ಸದಾ ಒಂದೆರಡು ಪ್ಯಾಡು ಇರುತ್ತವೆ. ಬೇಕಾದವಳು ಬಾಯಿಬಿಟ್ಟು ಕೇಳಬೇಕಿಲ್ಲ, ಪಕ್ಕ ಬಂದು ನಿಂತರೆ ಸಾಕು.

ಅವರದು ಒಂದೇ ಕಟ್ಟುನಿಟ್ಟು. ಎಷ್ಟೇ ಹೊತ್ತಾಗಲಿ, ಯಾರ ಹೊದಿಕೆಯನ್ನೂ ಎಳೆಯುವಂತಿಲ್ಲ.

“ಈ ವಯಸ್ಸಲ್ಲಿ ಮೈ ಅನ್ನೋದು ದಿನಕ್ಕೊಂದು ಹೊಸದು ತೋರಿಸುತ್ತೆ. ಅವಕ್ಕೇ ಗಾಬರಿ. ಹೊದಿಕೆ ಒಳಗೆ ಏನಿದೆಯೋ ಅದು ಅವಳದ್ದು. ಅವಳಾಗೇ ತೆಗೀಬೇಕು,” ಎನ್ನುತ್ತಾರೆ.

ಎರಡು ಗಂಡು ಹೆತ್ತವರು ಎಬ್ಬಿಸಮ್ಮ. ಮೊದಲು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಗುಂಡಿ ಹಚ್ಚುತ್ತಿದ್ದರು. ಅದು ಬಾಗಿಲು ಹಾಕಿದ ಮೇಲೆ ಇಲ್ಲಿನ ಅಡುಗೆಮನೆಗೆ ಸೇರಿ, ಅಲ್ಲಿಂದ ಮಹಡಿ ಹತ್ತಿದರು. ಯಜಮಾನರು ಬಸ್ ಡಿಪೋದಲ್ಲಿ ರಾತ್ರಿ ಪಾಳಿಯ ಮೆಕ್ಯಾನಿಕ್. ಅವರು ಮನೆಗೆ ಬರುವ ಹೊತ್ತಿಗೆ ಇವರು ಹೊರಡುತ್ತಾರೆ, ಗೇಟಿನಲ್ಲಿ ಗಂಡ ಹೆಂಡತಿಯ ಭೇಟಿ. “ಊರಿನ ಮಕ್ಕಳನ್ನೆಲ್ಲ ಕಾಲೊತ್ತಿ ಎಬ್ಬಿಸ್ತಾಳೆ, ನನ್ನನ್ನ ಪಾತ್ರೆ ಬಡಿದು ಎಬ್ಬಿಸ್ತಾಳೆ,” ಎಂದು ಅವರ ದೂರು. ದೂರಿನಲ್ಲಿ ಹುರುಳಿದೆ ಎಂದು ಎಬ್ಬಿಸಮ್ಮ ಒಪ್ಪಿಕೊಳ್ಳುತ್ತಾರೆ.

ಹುಡುಗಿಯರು ಸೋಮಾರಿಗಳು ಎಂದು ಯಾರಾದರೂ ಅಂದರೆ ಮಾತ್ರ ಅವರಿಗೆ ಸಿಟ್ಟು ಬರುತ್ತದೆ. ತಿಂಗಳಿಗೊಮ್ಮೆ ಬರುವ ಡಾಕ್ಟರಮ್ಮ ಹೇಳಿದ್ದಾರಂತೆ, ಬೆಳೆಯುವ ಮೈಗೆ ರಾತ್ರಿ ನಿದ್ದೆ ತಡವಾಗಿ ಹತ್ತುತ್ತದೆ, ಬೆಳಿಗ್ಗೆ ತಡವಾಗಿ ಬಿಡುತ್ತದೆ ಎಂದು. “ಹೋದ ವರ್ಷ ಅಮ್ಮ ಅಮ್ಮ ಅಂತ ಹಿಂದೆ ಸುತ್ತುತ್ತಿದ್ದೋಳು ಈ ವರ್ಷ ‘ನಿಮಗ್ಯಾಕೆ’ ಅಂತಾಳೆ. ಅನ್ಲಿ ಬಿಡಿ. ನನಗೆ ಅನ್ನದೆ ಇನ್ಯಾರಿಗೆ ಅಂತಾಳೆ?”

ಕೆಲವು ವರ್ಷಗಳ ಹಿಂದೆ ಈ ಕೆಲಸ ಅವರ ಕೈತಪ್ಪಿ ಹೋಗುವುದರಲ್ಲಿತ್ತು. ಕೆಲಸಕ್ಕಿಂತ ದೊಡ್ಡದೊಂದು ಅದರ ಜೊತೆಗೇ ಹೋಗುತ್ತಿತ್ತು.

ಆ ವರ್ಷ ಕೊನೆಯ ಮಂಚಕ್ಕೆ ಹದಿಮೂರರ ಹುಡುಗಿಯೊಬ್ಬಳು ಹೊಸದಾಗಿ ಬಂದಿದ್ದಳು. ಬಂದ ವಾರದಲ್ಲೇ ಒಂದು ಬೆಳಿಗ್ಗೆ ಎಬ್ಬಿಸಮ್ಮ ಅವಳ ಪಾದ ಒತ್ತಿದರೆ, ಪಾದ ಕಲ್ಲಿನಂತೆ ಬಿಗಿದುಕೊಂಡಿತು. ಹುಡುಗಿ ಎಚ್ಚರವಾಗೇ ಇದ್ದಳು. ಹಾಸಿಗೆ ಒದ್ದೆಯಾಗಿತ್ತು. “ನೀರು ಕಾದಿದೆ, ಇವತ್ತು ಮೊದಲ ಸ್ನಾನ ನಿಂದು, ಬಾ,” ಎಂದಷ್ಟೇ ಹೇಳಿ, ಅವಳು ಬರುವಷ್ಟರಲ್ಲಿ ಬಟ್ಟೆ ಬದಲಿಸಿಟ್ಟಿದ್ದರು. ಅಂದಿನಿಂದ ಎಬ್ಬಿಸುವ ಕೆಲಸ ಆ ತುದಿಯಿಂದಲೇ ಶುರು. ಉಳಿದವರು ಕಣ್ಣು ಬಿಡುವ ಹೊತ್ತಿಗೆ ಕೊನೆಯ ಮಂಚ ಒಣ ಬಟ್ಟೆ ಹೊದ್ದು ಅಚ್ಚುಕಟ್ಟಾಗಿರುತ್ತಿತ್ತು. ಹುಡುಗಿಯನ್ನು ಒಪ್ಪಿಸಿ ಡಾಕ್ಟರಮ್ಮನಿಗೂ ತೋರಿಸಿದರು. ಇದು ಮೊಂಡುತನವಲ್ಲ, ಈ ವಯಸ್ಸಿನಲ್ಲೂ ಕೆಲವರಿಗೆ ಇರುತ್ತದೆ, ವಾಸಿಯಾಗುತ್ತದೆ, ಬೈದರೆ ಮಾತ್ರ ಹೆಚ್ಚುತ್ತದೆ ಎಂದರು ಡಾಕ್ಟರಮ್ಮ. “ನಮ್ಮ ಮೂರೇ ಜನಕ್ಕೆ ಗೊತ್ತು,” ಎಂದು ಎಬ್ಬಿಸಮ್ಮ ಹುಡುಗಿಗೆ ಮಾತು ಕೊಟ್ಟರು.

(ಆ ಹುಡುಗಿ ಈಗ ಓದು ಮುಗಿಸಿ ಕೆಲಸಕ್ಕೆ ಸೇರಿದ್ದಾಳೆ. ಇದನ್ನು ಬರೆಯಲಿ ಎಂದು ಅವಳೇ ಹೇಳಿ ಕಳಿಸಿದ್ದಾಳೆ. ಆ ಕೋಣೆಯವರು ಓದಿದರೆ ಇನ್ನೂ ಸಂತೋಷ ಎಂದಳಂತೆ.)

ಅಷ್ಟರಲ್ಲಿ ಹಾಸ್ಟೆಲಿಗೆ ಕರೆಂಟಿನ ಗಂಟೆ ಬಂತು. ಹುಡುಗಿಯರು ಬೆಳಗಿನ ಓದಿಗೆ ತಡವಾಗಿ ಬರುತ್ತಾರೆ ಎಂಬ ದೂರಿತ್ತು. ಗಂಟೆ ಬಾರಿಸಿದೊಡನೆ ದೀಪವೆಲ್ಲ ಹತ್ತಬೇಕು, ಎಲ್ಲರೂ ಒಟ್ಟಿಗೆ ಏಳಬೇಕು, ಅದಕ್ಕೆ ಮೊದಲು ಯಾರೂ ಮಹಡಿ ಹತ್ತುವಂತಿಲ್ಲ ಎಂದಾಯಿತು. ಎಬ್ಬಿಸಮ್ಮನಿಗೆ ಬೆಳಗಿನ ಹೊತ್ತು ಅಡುಗೆಮನೆ. ಅವರು ವಾರ್ಡನ್ ಮೇಡಂ ಹತ್ತಿರ ಹೋಗಿ ನಿಂತರು.

“ಗಂಟೆ ಬೇಡ ಮೇಡಂ.”

“ಯಾಕಮ್ಮ?”

“ಸುಮ್ನೆ. ಮಕ್ಕಳು ಬೆಚ್ಚಿ ಬೀಳ್ತಾವೆ.”

“ನಿಮ್ಮ ಸಂಬಳ ಎಲ್ಲೂ ಹೋಗಲ್ಲ, ಯೋಚನೆ ಮಾಡಬೇಡಿ,” ಎಂದರು ವಾರ್ಡನ್. ಕೆಟ್ಟವರಲ್ಲ ಅವರು, ಕಾರಣ ಹೇಳಿದ್ದರೆ ಕೇಳುತ್ತಿದ್ದರೇನೋ. ಆದರೆ ಕೊಟ್ಟ ಮಾತು ಕೊಟ್ಟಾಗಿತ್ತು. ಎಬ್ಬಿಸಮ್ಮ ಕೆಳಗೆ ಬಂದರು. ಗಂಟೆಯ ಮೇಲೆ ಹೊಟ್ಟೆಕಿಚ್ಚು ಪಡುವವರನ್ನು ಇವತ್ತೇ ಕಂಡದ್ದು ಎಂದು ಅಡುಗೆಯವರು ನಕ್ಕರು.

ಗಂಟೆಯ ಮೊದಲ ಬೆಳಿಗ್ಗೆ. ಒಲೆಯ ಮೇಲೆ ಹಾಲಿಟ್ಟು ಎಬ್ಬಿಸಮ್ಮ ಕಾಯುತ್ತಿದ್ದಾರೆ. ಗೋಡೆ ನಡುಗುವಂತೆ ಗಂಟೆ ಹೊಡೆದುಕೊಂಡಿತು. ನಿಯಮ ಮುರಿದರೆ ಮುರಿಯಲಿ ಎಂದು ಹಾಲನ್ನು ಅಲ್ಲೇ ಬಿಟ್ಟು, ಮೆಟ್ಟಿಲು ಹತ್ತಿ ಓಡಿದರು. ಹಿಂದಿನಿಂದ ವಾರ್ಡನ್ ಮೇಡಂ ಚಪ್ಪಲಿಯ ಸದ್ದೂ ಬರುತ್ತಿತ್ತು.

ಬಾಗಿಲಲ್ಲಿ ಕಾಲು ನಿಂತುಬಿಟ್ಟಿತು. ದೀಪವೆಲ್ಲ ಝಗಝಗ ಉರಿಯುತ್ತಿವೆ. ಎರಡೂ ಸಾಲಿನಲ್ಲಿ ಒಬ್ಬಳೂ ಎದ್ದಿಲ್ಲ. ಎಲ್ಲರ ಮುಸುಕೂ ತಲೆಯವರೆಗೆ. ಸತ್ತವರೂ ಎದ್ದು ಕೂರುವಂಥ ಆ ಗದ್ದಲಕ್ಕೆ ಒಂದು ಹೊದಿಕೆಯೂ ಮಿಸುಕಲಿಲ್ಲ. ಆ ಮುಸುಕುಗಳ ನಡುವೆ ಕೊನೆಯ ಮಂಚದ ಹುಡುಗಿ ಒಬ್ಬಳೇ, ಸುತ್ತಿದ ಬಟ್ಟೆಯನ್ನು ಎದೆಗವಚಿಕೊಂಡು, ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ಸ್ನಾನದ ಮನೆಯತ್ತ ನಡೆದು ಹೋಗುತ್ತಿದ್ದಳು. ಅವಳು ಒಳಗೆ ಹೋಗಿ ಚಿಲಕ ಹಾಕಿದ ಸದ್ದು ಕೇಳಿದ ಮೇಲೆ ಕೋಣೆಯಲ್ಲಿ ಮೊದಲ ಆಕಳಿಕೆ ಕೇಳಿಸಿತು.

ವಾರ್ಡನ್ ಒಳಗೆ ಬಂದರು, ಖಾಲಿ ಮಂಚ ನೋಡಿದರು, ಉಳಿದವರನ್ನೂ ನೋಡಿದರು. “ಇಡೀ ಕೋಣೆಯಲ್ಲಿ ಶಿಸ್ತು ಅನ್ನೋದು ಅವಳೊಬ್ಬಳಿಗಿದೆ. ಹೊಸಬಳನ್ನ ನೋಡಿ ಕಲೀರಿ,” ಎಂದು ಬೈದು, ಉಳಿದವರಿಗೆಲ್ಲ ಒಂದು ವಾರ ಸಂಜೆಯ ಆಟ ಇಲ್ಲ ಎಂದರು. ಮರುದಿನವೂ ಅದೇ ಕತೆ, ಅದರ ಮರುದಿನವೂ ಅದೇ. ಆಟ ಹೋಯಿತು, ಟೀವಿ ಹೋಯಿತು, ಗಂಟೆಗೆ ಮಾತ್ರ ಯಾರೂ ಏಳಲಿಲ್ಲ. ಕೊನೆಗೆ ವಾರ್ಡನ್ ಅವರೇ ಸೋತು, ಈ ಹುಡುಗಿಯರಿಗೆ ಗಂಟೆ ನಾಟುವುದಿಲ್ಲ ಎಂದು ಅದನ್ನು ಊಟದ ಹೊತ್ತಿಗೆ ಬಿಟ್ಟು, ಎಬ್ಬಿಸಮ್ಮನನ್ನು ಮತ್ತೆ ಮೇಲೆ ಕಳಿಸಿದರು. ಡಾಕ್ಟರಮ್ಮ ಹೇಳಿದಂತೆ, ಮುಂದಿನ ವರ್ಷ ಮುಗಿಯುವುದರೊಳಗೆ ಕೊನೆಯ ಮಂಚದ ತೊಂದರೆಯೂ ಕಳೆಯಿತು.

ಆ ಕೋಣೆಯಲ್ಲಿ ‘ಮೆಣಸಿನಕಾಯಿ’ ಎಂದು ಹೆಸರಾಗಿದ್ದ ಹದಿನೈದರ ಹುಡುಗಿಯೊಬ್ಬಳಿದ್ದಳು. ಮೂಗಿನ ತುದಿಯಲ್ಲೇ ಕೋಪ, ಯಾರಿಗೂ ನೆಟ್ಟಗೆ ಉತ್ತರ ಕೊಟ್ಟವಳಲ್ಲ. ಮಹಡಿಗೆ ವಾಪಸಾದ ಬೆಳಿಗ್ಗೆ ಎಬ್ಬಿಸಮ್ಮ ಅವಳ ಮಂಚದ ಪಕ್ಕ ಬಗ್ಗಿ, ಮೆಲ್ಲಗೆ, “ನಿಮಗೆಲ್ಲ ಯಾವಾಗಿಂದ ಗೊತ್ತು ಕಣೇ?” ಎಂದು ಕೇಳಿದರು.

“ಏನು ಗೊತ್ತು?” ಎಂದಳಂತೆ ಅವಳು, ಕಣ್ಣು ಬಿಡದೆ. “ನಮಗೆ ನಿದ್ದೆ ಬಂದಿತ್ತು.” ಮುಸುಕೆಳೆದುಕೊಂಡು ಆ ಕಡೆಗೆ ಹೊರಳಿದಳಂತೆ.

ಇದನ್ನು ಹೇಳುವಾಗ ಎಬ್ಬಿಸಮ್ಮನ ಕೈ ಮಡಿಸುತ್ತಿದ್ದ ಬಟ್ಟೆಯ ಮೇಲೆ ಹಾಗೇ ನಿಲ್ಲುತ್ತದೆ. “ಅಷ್ಟು ದಿನ ಆ ಮಗೂನ ನಾನೊಬ್ಬಳೇ ಕಾಯ್ತಿದ್ದೀನಿ ಅಂದ್ಕೊಂಡಿದ್ದೆ. ಕೋಣೆಗೆ ಕೋಣೆನೇ ಕಾಯ್ತಿತ್ತು, ಕಣ್ಣು ಮುಚ್ಕೊಂಡು.”