ದೊಡ್ಡಪ್ಪ ಹರಿದುಹಾಕಿದ ಚೀಟಿಗಳು

ನಮ್ಮ ದೊಡ್ಡಪ್ಪ ಅಚ್ಚುಕೂಟದಲ್ಲಿ ಮೂವತ್ತೆರಡು ವರ್ಷ ಕರಡು ತಿದ್ದಿದವರು. ಮದುವೆಯ ಕಾಗದ ಕೈಗೆ ಕೊಟ್ಟರೆ ಮೊದಲು ತಪ್ಪು ಹುಡುಕುತ್ತಿದ್ದರು, ಆಮೇಲೆ ಮದುವೆ ಯಾರದೆಂದು ಕೇಳುತ್ತಿದ್ದರು. ನಿವೃತ್ತರಾದ ಮೇಲೆ ಮನೆತನದ ಚರಿತ್ರೆ ಬರೆಯುವ ಹುಚ್ಚು ಹಿಡಿಯಿತು. ನೆಂಟರಿಷ್ಟರ ಬಾಗಿಲು ತಟ್ಟಿ, ಹಣ್ಣುಹಣ್ಣು ಮುದುಕರನ್ನು ಮಾತಿಗೆಳೆದು, ಕೇಳಿದ್ದನ್ನೆಲ್ಲ ಚೀಟಿಗಳಲ್ಲಿ ಗೀಚಿಕೊಂಡು ಬರುತ್ತಿದ್ದರು. ಅವರನ್ನು ಕಂಡರೆ ನಾವೆಲ್ಲ ತಲೆತಪ್ಪಿಸಿಕೊಳ್ಳುತ್ತಿದ್ದೆವು. ನೆನೆದರೆ ಈಗ ನಾಚಿಕೆಯಾಗುತ್ತದೆ.

ಅಷ್ಟೆಲ್ಲ ಒದ್ದಾಟ ಒಂದೇ ಒಂದು ಸಾಲಿಗಾಗಿ ಎಂಬುದು ನನಗೆ ಗೊತ್ತಿತ್ತು. ಅವರಿಗೊಬ್ಬಳು ತಂಗಿಯಿದ್ದಳು, ನನಗೆ ಅತ್ತೆಯಾಗಬೇಕಾಗಿದ್ದವಳು. ಎಳವೆಯಲ್ಲೇ ಜ್ವರ ಬಂದು ತೀರಿಕೊಂಡಳು. ಫೋಟೊ ಇಲ್ಲ, ದಾಖಲೆಯಿಲ್ಲ. ಅವಳನ್ನು ಕಂಡವರಲ್ಲಿ ಈಗ ಉಳಿದಿರುವವರು ದೊಡ್ಡಪ್ಪ ಒಬ್ಬರೇ. ತಾವು ಕಣ್ಮುಚ್ಚಿದ ಮೇಲೆ ಅವಳು ಹುಟ್ಟಿಯೇ ಇರಲಿಲ್ಲ ಎಂದಾಗಬಾರದು, ಅದೇ ಅವರ ಹಟ.

ನಾನೂರು ಪುಟ ಮುಗಿದಾಗ ದಾಖಲೆ ಸಂಗ್ರಹಾಲಯಕ್ಕೆ ಕೊಡಲು ನನ್ನನ್ನೂ ಕರೆದುಕೊಂಡು ಹೋದರು. ಅಲ್ಲಿಯ ಅಧಿಕಾರಿ ಚಿಕ್ಕ ವಯಸ್ಸಿನ ಹೆಂಗಸು. ಮೆಚ್ಚಿಕೊಂಡೇ ಪುಟ ತಿರುವಿದಳು.

"ತುಂಬ ಚೆನ್ನಾಗಿದೆ. ಇದನ್ನೆಲ್ಲ ಯಾರು ಹೇಳಿದ್ದು? ಮೂಲ ಚೀಟಿಗಳನ್ನೂ ಕೊಡಿ, ಜೊತೇಲೇ ಇಡ್ತೀವಿ."

"ಶುದ್ಧ ಪ್ರತಿ ಆದ್ಮೇಲೆ ಹರಿದುಹಾಕ್ದೆ," ಎಂದರು ದೊಡ್ಡಪ್ಪ.

ಅಚ್ಚುಕೂಟದಲ್ಲಿ ಅದೇ ಪದ್ಧತಿ. ಕೊನೆಯ ಕರಡು ಒಪ್ಪಿಗೆಯಾಯಿತೆಂದರೆ ಹಸ್ತಪ್ರತಿ ರದ್ದಿಗೆ ಹೋಗುತ್ತದೆ. ಅಜ್ಜಿ ಸಾಯುವ ಮುಂಚೆ ಮಗಳ ಹೆಸರು, ವಯಸ್ಸು ಕೈಯಾರೆ ಬರೆದುಕೊಟ್ಟಿದ್ದ ಚೀಟಿಯನ್ನೂ ಇವರು ನಾಲ್ಕು ಚೂರು ಮಾಡಿದ್ದರು. ಬಲು ಅಚ್ಚುಕಟ್ಟಿನ ಮನುಷ್ಯ.

"ಹಾಗಾದ್ರೆ ಆಧಾರ ಇಲ್ಲದ ಸಾಲುಗಳನ್ನ ತೆಗೆದುಕೊಡಿ, ಮಿಕ್ಕಿದ್ದನ್ನ ತಗೋತೀವಿ. ಈಗ ಈ ಮಗು ವಿಷಯಾನೇ ನೋಡಿ..."

"ಆ ಮಗೂನ ನಾನು ಎತ್ತಿ ಆಡ್ಸಿದೀನಮ್ಮ."

"ಬರವಣಿಗೇಲಿ ಏನಾದ್ರೂ ಇದ್ಯಾ?"

ದೊಡ್ಡಪ್ಪ ಪುಸ್ತಕವನ್ನು ಬಗಲಲ್ಲಿಟ್ಟುಕೊಂಡು ಎದ್ದರು. ನನಗೆ ಅವಳ ಮೇಲೆ ಸಿಟ್ಟು ಉಕ್ಕಿತು. ನಿಜವಾಗಿ ಬರಬೇಕಾಗಿದ್ದುದು ನಮ್ಮ ಮೇಲೆ. ಈ ಪುಸ್ತಕವನ್ನು ಇಟ್ಟುಕೊಳ್ಳುತ್ತೇನೆ ಎನ್ನುವ ಒಬ್ಬರೂ ಮನೆಯಲ್ಲಿರಲಿಲ್ಲ.

ಅಂದಿನಿಂದ ಅವರಿಗೆ ತಾವು ಬರೆದದ್ದರ ಮೇಲೇ ಅನುಮಾನ. ಮೊನ್ನೆ ತಂಗಿಯ ಸಾಲಿದ್ದ ಪುಟವನ್ನು ಬಹಳ ಹೊತ್ತು ನೋಡುತ್ತಾ ಕುಳಿತಿದ್ದರು.

"ಮೂರು ವರ್ಷ ಅಂತ ಬರ್ದಿದೀನಿ. ನಾಲ್ಕಿತ್ತೇನೋ. ನಕಲು ಮಾಡುವಾಗ ಕೈತಪ್ಪಿತೋ ಏನೋ. ಅಜ್ಜಿ ನಿಂಗೇನಾದ್ರೂ ಹೇಳಿದ್ರಾ?"

ಅಜ್ಜಿ ನನ್ನೆದುರು ಆ ಮಗುವಿನ ಮಾತನ್ನೇ ಎತ್ತಿದವರಲ್ಲ. ದೊಡ್ಡಪ್ಪನ ಮುಖ ನೋಡಲಾಗಲಿಲ್ಲ.

"ಮೂರೇ, ದೊಡ್ಡಪ್ಪ," ಎಂದೆ.

ಅವರು ಪೆನ್ಸಿಲ್ ತೆಗೆದುಕೊಂಡು, ಅಂಚಿನಲ್ಲಿ 'ಹೇಳಿದವರು' ಎಂದು ಬರೆದು, ಅದರ ಮುಂದೆ ನನ್ನ ಹೆಸರು ಹಾಕಿದರು.