ಗೊಂಬೆಯ ತಲೆ ದಪ್ಪ ಎಂದ ದರ್ಜಿ

ತೀರಿಹೋದ ನನ್ನ ಯಜಮಾನರು ಗಂಡಸರ ಪ್ಯಾಂಟು, ಅಂಗಿ ಹೊಲಿಯುವ ದರ್ಜಿ. ಇಪ್ಪತ್ತು ವರ್ಷದಲ್ಲಿ ಒಂದೇ ಒಂದು ತಪ್ಪು ಮಾಡಿದವರಲ್ಲ. ಹಾಗಂತ ಅವರೇ ಹೇಳುತ್ತಿದ್ದರು. ಅಂಗಿ ಬಿಗಿಯಾಯಿತೆಂದು ಯಾರಾದರೂ ಬಂದರೆ, "ಬಟ್ಟೆ ಸರಿಯಾಗೇ ಇದೆ, ನೀವು ಊದ್ಕೊಂಡಿದ್ದೀರಿ" ಎಂದು ಕತ್ತರಿ ಕೆಳಗಿಡದೆಯೇ ಸಾಗಹಾಕುತ್ತಿದ್ದರು. ಗುಂಡಿ, ಕಾಜ, ಹುಕ್ಕು ನನ್ನ ಪಾಲಿನ ಕೆಲಸ. ಬಾಯಿ ಮುಚ್ಚಿಕೊಂಡಿರುವುದೂ ನನ್ನ ಪಾಲಿಗೇ ಬಂದಿತ್ತು; ಅದೊಂದು ನನ್ನ ಕೈಲಾಗಲಿಲ್ಲ.

ಮಗಳಿಗೆ ಆಗ ಏಳು ವರ್ಷ. ಪಕ್ಕದ ಮನೆ ಹುಡುಗಿಯ ಗೊಂಬೆಗೆ ಅಂಗಡಿಯಿಂದ ಜರಿ ಗೌನು ಬಂತು. "ನಮ್ಮಪ್ಪ ಇದಕ್ಕಿಂತ ಚೆನ್ನಾಗಿರೋದು ಹೊಲಿತಾರೆ, ಭಾನುವಾರ ಬಂದು ನೋಡು" ಎಂದು ನಮ್ಮವಳು ಜಂಬ ಕೊಚ್ಚಿ ಬಂದಳು. ಆಗದಿದ್ದರೆ ಅವಳು ಆ ಬೀದಿಯಲ್ಲಿ ತಲೆ ಎತ್ತುವಂತಿರಲಿಲ್ಲ.

ಯಜಮಾನರು ಮಗಳ ಗೊಂಬೆಯನ್ನು ಮೇಜಿನ ಮೇಲೆ ನಿಲ್ಲಿಸಿ, ಯಾವುದೋ ಗುಮಾಸ್ತನಿಗೆ ಅಳೆಯುವಂತೆ ಎದೆ, ಸೊಂಟ, ಭುಜ ಅಳೆದರು. ಅಸ್ತರಿಗೆ ತಂದು ಮಿಕ್ಕಿದ್ದ ಕೆಂಪು ಬಟ್ಟೆ ಕತ್ತರಿಸಿದರು. ಶನಿವಾರ ಮಧ್ಯಾಹ್ನ ಫ್ರಾಕು ಸಿದ್ಧ. ತೊಡಿಸಲು ಹೋದರೆ ತಲೆಯಿಂದ ಇಳಿಯಲೊಲ್ಲದು. ಕಾಲಿನಿಂದ ಏರಿಸಿದರೆ ಸೊಂಟದಲ್ಲೇ ಸಿಕ್ಕಿಕೊಂಡಿತು. ತಿರುಗಿಸಿ ನೋಡಿದೆ. ಹೊಲಿಗೆಯ ಎರಡೂ ಬದಿಗೆ ಒಂದೊಂದು ಇಂಚು ಬಟ್ಟೆ ಒಳಗೆ ಬಿಟ್ಟಿದ್ದರಿಂದ ಫ್ರಾಕು ತಲೆದಿಂಬಿನಂತೆ ಉಬ್ಬಿತ್ತು.

"ಇದೇನ್ರೀ ಇಷ್ಟು?"

"ಬೆಳೆಯೋ ಮಕ್ಕಳಿಗೆ ಬಿಡ್ಬೇಕು ಕಣೇ."

"ಪ್ಲಾಸ್ಟಿಕ್ಕು ಬೆಳೆಯುತ್ತಾ?"

ಅವರು ಗೊಂಬೆಯನ್ನು ದುರುಗುಟ್ಟಿ ನೋಡಿ, "ಇದರ ತಲೆ ದಪ್ಪ" ಎಂದರು.

ಮಗಳು ಅಳಲಿಲ್ಲ. "ಅಪ್ಪಾ, ಇದು ಊಟಾನೇ ಮಾಡಲ್ಲ. ನೀನು ಅಳೆದಾಗಲೂ ಇದರ ತಲೆ ಇಷ್ಟೇ ಇತ್ತು" ಎಂದಳು.

ಅವರು ಟೇಪು ತೆಗೆದು, ಗೊಂಬೆಯ ತಲೆಯನ್ನು ಮೊದಲ ಸಲ ಅಳೆದರು.

"ಬೆನ್ನು ಪೂರ್ತಿ ತೆರೆದಿಡಿ, ಪ್ರೆಸ್ ಬಟನ್ ನಾನು ಹಾಕ್ತೀನಿ" ಎಂದೆ.

"ಹಿಂದೆ ಬಿಚ್ಚೋ ಬಟ್ಟೆ ನಾನು ಹೊಲಿದವನಲ್ಲ."

"ತಲೆ ದಪ್ಪ ಇರೋ ಗಿರಾಕಿ ನಿಮಗೆ ಸಿಕ್ಕಿದ್ದೂ ಇದೇ ಮೊದಲು."

ಹೊಲಿಗೆ ಬಿಚ್ಚುವಾಗ ಬಟ್ಟೆ ಪರ್ರನೆ ಹರಿಯಿತು. ಉಳಿದದ್ದು ಒಂದೇ ತುಂಡು. ಈ ಸಲ ಅವರು ಹಳೇ ಪೇಪರು ಕತ್ತರಿಸಿ ಗೊಂಬೆಗೆ ಸುತ್ತಿ ನೋಡಿ, ಆಮೇಲೆ ಬಟ್ಟೆಗೆ ಕತ್ತರಿ ಹಾಕಿದರು. "ನಂದೇ ತಪ್ಪು" ಎಂದೂ ಅಂದರು. ನಮಗಲ್ಲ, ಮೆಷಿನ್ನಿನ ಚಕ್ರಕ್ಕೆ.

ಭಾನುವಾರ ಪಕ್ಕದ ಮನೆ ಹುಡುಗಿ ಬಂದು, ನಮ್ಮ ಗೊಂಬೆ ತೊಟ್ಟಿದ್ದ ಫ್ರಾಕನ್ನು ಅತ್ತೆಯಂತೆ ಹಿಂದೆ ಮುಂದೆ ತಿರುಗಿಸಿ, ಅಂಚು ಮೇಲೆತ್ತಿದಳು. ಅಭ್ಯಾಸ ಎಲ್ಲಿ ಹೋಗುತ್ತದೆ, ಕೆಳಗಿನ ಮಡಿಕೆಯಲ್ಲಿ ಒಂದಿಂಚು ಬಿಟ್ಟೇ ಬಿಟ್ಟಿದ್ದರು.

"ಒಳಗೆ ಇಷ್ಟೊಂದು ಬಟ್ಟೆ ಯಾಕೆ?"



"ಅಂಗಡಿಯೋರು ಬಿಡಲ್ಲ" ಎಂದಳು ನಮ್ಮವಳು. "ನಮ್ಮಪ್ಪ ಬಿಡ್ತಾರೆ."

ಆ ಹುಡುಗಿ ತನ್ನ ಗೊಂಬೆಯ ಜರಿ ಗೌನಿನ ಅಂಚು ಎತ್ತಿ ನೋಡಿಕೊಂಡಳು; ಅಲ್ಲಿ ಒಂದೆಳೆಯೂ ಬಿಟ್ಟಿರಲಿಲ್ಲ.

ಸೋಮವಾರ ಒಬ್ಬ ಗುಮಾಸ್ತ, ಸೊಂಟ ಬಿಗಿ ಎಂದು ಪ್ಯಾಂಟು ತಂದ. ಯಜಮಾನರು ಬಾಯಿ ತೆರೆದರು, ಮಗಳ ಕಡೆ ನೋಡಿದರು, ಸುಮ್ಮನೆ ಟೇಪು ಎತ್ತಿಕೊಂಡರು. ಅವನು ಊದಿಕೊಂಡದ್ದೇನೋ ನಿಜವೇ. ಅದನ್ನು ನಾನೇ ಹೇಳಿದೆ.